ಗಾಳಿ ಕಲ್ಲಾಗುವ ಸೀಮೆ

ಹಿರಿಯೂರಿನ ಎರೆಹೊಲದ ಬದುವಿನಿಂದ ಒಂದು ಸುಣ್ಣಕಲ್ಲು ಆರಿಸಿಕೊಳ್ಳಿ. ಬೂದುಬಿಳುಪು ಬಣ್ಣದ, ಗಂಟುಗಂಟಾದ, ನೇಗಿಲ ಮೊನೆಗೆ ಸಿಕ್ಕಿ ಬೈಸಿಕೊಳ್ಳುವ ಕಲ್ಲು. ಅದನ್ನು ಕೊಂಚ ಕೆರೆದು, ಕೆರೆದ ಜಾಗಕ್ಕೆ ನಿಂಬೆರಸ ಹಿಂಡಿ, ಕಿವಿಯ ಹತ್ತಿರ ಹಿಡಿಯಿರಿ. ಸುಂಯ್ ಎನ್ನುತ್ತದೆ! ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದೆದ್ದು ಒಡೆಯುತ್ತವೆ. ಆ ಗುಳ್ಳೆಗಳಲ್ಲಿರುವುದು ಇಂಗಾಲದ ಡೈಆಕ್ಸೈಡ್. ಇಡೀ ಭೂಮಿಯ ಜ್ವರ ಏರಿಸುತ್ತಿದೆ ಎಂದು ನಾವು ದಿನವೂ ಕೇಳುವ ಅದೇ ಅನಿಲ. ಎಂದೋ ಒಂದು ಮಳೆಗಾಲದಲ್ಲಿ ಹುಲ್ಲಿನ ಬೇರೊಂದು ನೆಲದೊಳಗೆ ಬಿಟ್ಟ ಉಸಿರು ಕಲ್ಲಾಗಿ ಕೂತಿತ್ತು. ಈಗ ಒಂದು ಹನಿ ಹುಳಿ ತಾಗಿದ್ದೇ ತಡ, ಮತ್ತೆ ಗಾಳಿಯಾಗಿ ಹೊರಬಂತು!

ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಶೇ. 44 ಪಾಲು ಈ ಅನಿಲದ್ದೇ. ಒಂದು ಕಿಲೋ ಕಲ್ಲಿನಲ್ಲಿ 440 ಗ್ರಾಂ. ಅದನ್ನೆಲ್ಲ ಬಿಡಿಸಿ ಹೊರಬಿಟ್ಟರೆ ಸುಮಾರು 245 ಲೀಟರ್ ಆಗುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಈ ಅನಿಲ ಇರುವುದು ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಮತ್ತು ಸ್ವಲ್ಪ ಚಿಲ್ಲರೆ ಮಾತ್ರ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗಳು ಇಪ್ಪತ್ತು ಬೇಕು. ಅಷ್ಟೂ ಕೋಣೆಗಳ ಗಾಳಿಯನ್ನು ಸೋಸಿದರೆ ಸಿಗುವ ಡೈಆಕ್ಸೈಡ್, ಅಂಗೈಯಲ್ಲಿ ಹಿಡಿಸುವ ಒಂದು ಕಿಲೋ ಕಲ್ಲಿನೊಳಗೆ ತೆಪ್ಪಗೆ ಕೂತಿದೆ. ಬೀಗವಿಲ್ಲ, ಸಿಲಿಂಡರ್ ಇಲ್ಲ, ಸೋರುವ ಭಯವಿಲ್ಲ.

ಹೊಗೆಕೊಳವೆಯ ಅನಿಲವನ್ನು ಹಿಡಿದು ಕಲ್ಲು ಮಾಡಿ ನೆಲದಲ್ಲೇ ಇಡುವ ವಿದ್ಯೆಗಾಗಿ ಇಂದು ಐಸ್‌ಲ್ಯಾಂಡಿನಿಂದ ಒಮಾನಿನವರೆಗೆ, ಅಮೆರಿಕದಿಂದ ಬೆಂಗಳೂರಿನವರೆಗೆ ವಿಜ್ಞಾನಿಗಳು ಹಗಲಿರುಳು ದುಡಿಯುತ್ತಿದ್ದಾರೆ. ಆ ವಿದ್ಯೆಯ ಒಂದೊಂದು ಪಾಠವೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನೆಲದಲ್ಲಿ ಬರೆದಿಟ್ಟಿದೆ. ಕೆಲವು ಪಾಠಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಕೆಲವು ಈ ಕ್ಷಣದಲ್ಲೂ, ಹೊಲದಲ್ಲಿ ನಿಂತವರ ಕಾಲಡಿಯಲ್ಲೇ, ಬರೆಯಲಾಗುತ್ತಿವೆ!

ಬೇರು ಬಿಟ್ಟ ಉಸಿರು

ಮಣ್ಣೆಂದರೆ ಗಟ್ಟಿ ವಸ್ತು ಎಂದು ನಾವು ತಿಳಿದಿದ್ದೇವೆ. ಒಳ್ಳೆಯ ಹೊಲದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಗಾತ್ರ ಖಾಲಿ ಜಾಗವೇ! ಎರೆಮಣ್ಣಿನ ಜೇಡಿಕಣಗಳು ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತಲೂ ಸಣ್ಣವು. ಅವುಗಳ ನಡುವೆ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿವೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದು ಅಲ್ಲೇ. ಅವು ಬಿಟ್ಟ ಉಸಿರು ಬೇಗ ಹೊರಹೋಗಲಾರದೆ ಒಳಗೇ ತುಂಬಿಕೊಂಡು, ಮಣ್ಣಿನೊಳಗಿನ ಗಾಳಿಯಲ್ಲಿ ಡೈಆಕ್ಸೈಡಿನ ಪ್ರಮಾಣ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಏರುತ್ತದೆ.

ಆಗ ಮಳೆ ಬರುತ್ತದೆ. ಇಳಿಯುವ ನೀರು ಆ ಅನಿಲವನ್ನು ಕರಗಿಸಿಕೊಂಡು ತೆಳುವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾ ಬಾಟಲಿಯೊಳಗಿನ ಆಮ್ಲವೇ ಇದು, ಆದರೆ ಬಹಳ ಸೌಮ್ಯ. ನಾಲಗೆಗೆ ಹುಳಿಯೇ ತಿಳಿಯದಷ್ಟು ಸೌಮ್ಯವಾದ ಆ ನೀರು ಕಲ್ಲನ್ನು ಕರಗಿಸುತ್ತದೆ! ಕಲ್ಲಿನ ಚೂರುಗಳಿಂದ ಕ್ಯಾಲ್ಸಿಯಂ ಬಿಡಿಸಿಕೊಂಡು ನೀರು ಕೆಳಗಿಳಿಯುತ್ತದೆ. ಮಳೆ ನಿಲ್ಲುತ್ತದೆ, ಬಿಸಿಲು ಕಾಯುತ್ತದೆ, ಬೇರುಗಳು ನೀರನ್ನು ಹೀರುತ್ತವೆ. ರಂಧ್ರದಲ್ಲಿ ಉಳಿದ ಕೊನೆಯ ಹನಿಯಲ್ಲಿ ಕ್ಯಾಲ್ಸಿಯಂ ದಟ್ಟವಾಗಿ, ಇನ್ನು ಕರಗಿರಲಾರೆ ಎನ್ನುವ ಘಳಿಗೆಯಲ್ಲಿ, ಒಂದು ಹರಳು ಹುಟ್ಟುತ್ತದೆ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ಪದರ. ಅದರ ಮುಂದಿನ ವರ್ಷ ಮತ್ತೊಂದು. ಹೀಗೆ ರಂಧ್ರ ತುಂಬಿ, ಪಕ್ಕದ ರಂಧ್ರ ತುಂಬಿ, ಸಾವಿರಾರು ವರ್ಷಗಳಲ್ಲಿ ಒಂದು ಗಂಟುಗಲ್ಲು. ಕೆಲವೊಮ್ಮೆ ಬೇರಿನ ಸುತ್ತಲೇ ಸುಣ್ಣ ಕಟ್ಟಿ, ಬೇರು ಕೊಳೆತು ಹೋದ ಮೇಲೂ ಅದರ ಅಚ್ಚು ಕಲ್ಲಿನ ಕೊಳವೆಯಾಗಿ ಉಳಿದಿರುತ್ತದೆ. ಉಸಿರಾಡಿದ ಬೇರಿಗೆ ಅದರ ಉಸಿರಿನಿಂದಲೇ ಕಟ್ಟಿದ ಸ್ಮಾರಕ!

ಈ ಕಲ್ಲು ಮಲೆನಾಡಿನಲ್ಲಿ ಯಾಕೆ ಸಿಗುವುದಿಲ್ಲ? ಆಗುಂಬೆಯ ಮಳೆ ಕರಗಿದ್ದನ್ನೆಲ್ಲ ಹೊಳೆಗೆ ಸೇರಿಸಿ ಸಮುದ್ರಕ್ಕೆ ಸಾಗಿಸಿಬಿಡುತ್ತದೆ. ಹಿರಿಯೂರಿನ ಮಳೆ ಮಾತ್ರ ಕರಗಿಸುವಷ್ಟಿದೆ, ತೊಳೆದೊಯ್ಯುವಷ್ಟಿಲ್ಲ. ಬರದ ಸೀಮೆ ಎಂದು ನಾವು ಮರುಗುವ ನೆಲಕ್ಕೆ ಆ ಬರದಿಂದಲೇ ಬಂದಿರುವ ಶಕ್ತಿ ಇದು. ನೀರು ಸಾಲದೆ ಹೋದದ್ದರಿಂದಲೇ ಗಾಳಿ ಇಲ್ಲಿ ಕಲ್ಲಾಗಿ ನಿಂತಿತು.

ಕ್ಯಾಲ್ಸಿಯಂ ಎಲ್ಲಿಂದ ಬಂತು?

ಇಲ್ಲೊಂದು ಪ್ರಶ್ನೆ ಕೇಳಲೇಬೇಕು, ಇಡೀ ವಿದ್ಯೆಯ ಬೀಗದ ಕೈ ಅದರಲ್ಲಿದೆ. ಆ ಕ್ಯಾಲ್ಸಿಯಂ ಎಲ್ಲಿಂದ ಬಂತು?

ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆ ಹೋದರೆ ಸುಣ್ಣಶಿಲೆಯ ಹಾಸುಗಳೇ ಇವೆ. ಸಿಮೆಂಟಿಗಾಗಿ ಅಗೆದ ಶಿಲೆ ಅದು. ಭೂವಿಜ್ಞಾನಿಗಳು ಇದನ್ನು ವಾಣಿವಿಲಾಸ ಸ್ತರಕ್ಕೆ ಸೇರಿಸುತ್ತಾರೆ. ಚಿತ್ರದುರ್ಗ ಪಟ್ಟಿಯ ಇಂಥ ಸುಣ್ಣಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಹರಡಿ, ತಮ್ಮ ಲೋಳೆಯ ಜಾಲದ ಸಂದುಗಳಲ್ಲಿ ಸುಣ್ಣವನ್ನು ಹಿಡಿದಿಟ್ಟು ಕಟ್ಟಿದ ಅಲೆಯಲೆ ರಚನೆಗಳು. ಗಿಡವಿಲ್ಲದ, ಮೀನಿಲ್ಲದ, ಕಣ್ಣೇ ಹುಟ್ಟಿರದ ಕಾಲದಲ್ಲಿ ಹೊಸದುರ್ಗದ ಸಮುದ್ರ ಗಾಳಿಯನ್ನು ಕಲ್ಲು ಮಾಡುತ್ತಿತ್ತು!

ಈ ಶಿಲೆಯನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಹಿಡಿದಿಟ್ಟ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಅರೆದು ಗಾರೆ ಮಾಡಿ ಗೋಡೆಗೆ ಮೆತ್ತಿದರೆ, ಗಾರೆಯ ರಂಧ್ರಗಳಿಗೆ ಗಾಳಿ ನುಗ್ಗುತ್ತದೆ. ಸುಣ್ಣ ತಾನು ಕಳೆದುಕೊಂಡ ಡೈಆಕ್ಸೈಡನ್ನು ಮರಳಿ ಹೀರಿ ಮತ್ತೆ ಕಲ್ಲಾಗುತ್ತದೆ. ಹಳೆಯ ಸುಣ್ಣದ ಗೋಡೆ ವರ್ಷ ಕಳೆದಂತೆ ಗಟ್ಟಿಯಾಗುವ ಗುಟ್ಟು ಇದೇ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಕೆಲಸ ಶುರುವಾಗಿ 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರದ ಕಲ್ಲುಕಟ್ಟೆಯನ್ನು ನೆನೆಯಿರಿ. 1933ರಲ್ಲಿ ಕೋಡಿ ಬಿದ್ದು, 89 ವರ್ಷ ಕಾದು, 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ಜಾತ್ರೆಯ ಹಾಗೆ ಸೇರಿದರಲ್ಲ, ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣದ ಗಾರೆ.

ಆದರೆ ಗಮನಿಸಿ: ಗಾರೆ ಹೀರಿದ್ದು ಗೂಡಿನಲ್ಲಿ ಬಿಟ್ಟದ್ದನ್ನೇ. ಸಾಲ ತಂದದ್ದು, ಸಾಲ ತೀರಿಸಿದ್ದು. ಹೊಲದ ಸುಣ್ಣಕಲ್ಲೂ ಹಳೆಯ ಸುಣ್ಣಶಿಲೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದಾದರೆ ಗಾಳಿಗೆ ಲಾಭವಿಲ್ಲ. ನಿಜವಾದ ಗಳಿಕೆ ಬೇಕಾದರೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಒಮ್ಮೆಯೂ ಕಾರ್ಬೊನೇಟ್ ಆಗಿರದ ಕಲ್ಲಿನಿಂದ ಬರಬೇಕು. ಬೆಂಕಿಯಲ್ಲಿ ಹುಟ್ಟಿದ ಸಿಲಿಕೇಟ್ ಕಲ್ಲಿನಿಂದ! ಅಂಥ ಕಲ್ಲಿನಲ್ಲಿ ನೀರು ಎರಡು ಅಣು ಡೈಆಕ್ಸೈಡನ್ನು ಬಳಸಿ ಕ್ಯಾಲ್ಸಿಯಂ ಬಿಡಿಸಿದರೆ, ಹರಳುಗಟ್ಟುವಾಗ ಒಂದು ಅಣು ಮರಳಿ ಗಾಳಿಗೆ ಹೋಗುತ್ತದೆ, ಇನ್ನೊಂದು ಕಲ್ಲಿನಲ್ಲೇ ನಿಲ್ಲುತ್ತದೆ. ನಿಂತ ಆ ಒಂದು ಅಣುವೇ ಅಪ್ಪಟ ಲಾಭ. ಸ್ಟ್ರಾಂಷಿಯಂ ಐಸೊಟೋಪುಗಳ ಜಾಡು ಹಿಡಿದು ಕ್ಯಾಲ್ಸಿಯಂ ಯಾವ ಕಲ್ಲಿನ ಮನೆಯಿಂದ ಬಂತೆಂದು ಪತ್ತೆ ಹಚ್ಚುವ ವಿದ್ಯೆಯೂ ಈಗ ಇದೆ. ದಕ್ಷಿಣ ಭಾರತದ ಸುಣ್ಣಕಲ್ಲುಗಳನ್ನೂ ಅದು ಪ್ರಶ್ನಿಸಿದೆ.

ಹಾಗಾದರೆ ಆ ಬೆಂಕಿಯ ಕಲ್ಲು ನಮ್ಮಲ್ಲಿ ಎಲ್ಲಿದೆ?

ಮರಡಿಹಳ್ಳಿಯಲ್ಲಿ ಒಂದು ಸಮುದ್ರತಳ

ಚಿತ್ರದುರ್ಗದ ಆಗ್ನೇಯಕ್ಕೆ, ಐಮಂಗಲದ ಕಡೆಯ ಮರಡಿಹಳ್ಳಿಗೆ ಹೋಗಿ. ಬಿಸಿಲಿಗೆ ಕಾದ ಆ ಬಯಲಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ ಬಂಡೆಗಳಿವೆ. ಒಂದರ ಮೇಲೊಂದು ಒತ್ತಿಕೊಂಡ ದಿಂಬಿನಾಕಾರದ ಉಬ್ಬುಗಳು. ಲಾವಾ ನೀರಿನಡಿಯಲ್ಲಿ ಉಕ್ಕಿದರೆ ಮಾತ್ರ ಈ ಆಕಾರ ತಾಳುತ್ತದೆ. ಕೆಂಡದಂಥ ರಸ ನೀರು ತಾಗಿದ ಕೂಡಲೇ ಮೇಲ್ಮೈ ಗಡುಸಾಗಿ, ಒಳಗಿನ ರಸ ಒತ್ತಿ ಉಬ್ಬಿ, ಒಡೆದು, ಮುಂದಿನ ದಿಂಬಾಗಿ ಉರುಳುತ್ತದೆ. ನೀರಿಗಾಗಿ ಕೊಳವೆಬಾವಿ ಕೊರೆದು ಸುಸ್ತಾದ ಈ ನೆಲ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳವಾಗಿತ್ತು!

ಈ ಲಾವಾ ಬಸಾಲ್ಟ್ ಜಾತಿಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಮೂರೂ ಅದರಲ್ಲಿ ಧಾರಾಳ. ಚಿತ್ರದುರ್ಗದ ಕೋಟೆಯ ಗ್ರಾನೈಟ್ ಬೆಟ್ಟಗಳಲ್ಲಿ ಇವು ಕಡಿಮೆ, ಹಾಗಾಗಿ ಏಳುಸುತ್ತಿನ ಬಂಡೆಗಳು ಈ ಕೆಲಸಕ್ಕೆ ಬಲು ನಿಧಾನ. ಲಾವಾ ತಣಿಯುವಾಗ ಒಳಗಿನ ಅನಿಲ ಗುಳ್ಳೆಯಾಗಿ ಸಿಕ್ಕಿಬಿದ್ದು ಸಣ್ಣ ಕುಳಿಗಳಾಗುತ್ತವೆ, ಕುಗ್ಗುವಾಗ ಬಿರುಕುಗಳಾಗುತ್ತವೆ. ಬಿಸಿನೀರು ಡೈಆಕ್ಸೈಡನ್ನು ಹೊತ್ತು ಅವುಗಳೊಳಗೆ ಹರಿದಾಡಿದರೆ, ಕಲ್ಲಿನ ಲೋಹಗಳನ್ನು ಬಿಡಿಸಿ, ಅಲ್ಲೇ, ಆ ಕುಳಿಯಲ್ಲೇ, ಕಾರ್ಬೊನೇಟಾಗಿ ಕೂರಿಸುತ್ತದೆ. ಅಷ್ಟೇ ಹಳೆಯ, ಇನ್ನೂ ಹಳೆಯ ಸಮುದ್ರತಳದ ಲಾವಾಗಳಲ್ಲಿ, ಆಸ್ಟ್ರೇಲಿಯದ ಪಿಲ್ಬರಾ ಸೀಮೆಯಲ್ಲಿ, ಅಂದಿನ ಸಮುದ್ರದ ಡೈಆಕ್ಸೈಡ್ ಹೀಗೆ ಅಪಾರವಾಗಿ ಕಲ್ಲಾದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ.

ಚಿತ್ರದುರ್ಗದ ಪಕ್ಕದಲ್ಲೇ ಇರುವ ಜಿ.ಆರ್. ಹಳ್ಳಿಯ ಕಥೆ ಇನ್ನೂ ಮೋಡಿಯದು. ಅಲ್ಲಿನ ಹಸಿರುಕಲ್ಲಿನ, ಅಂದರೆ ರೂಪಾಂತರಗೊಂಡ ಹಳೆಯ ಲಾವಾದ, ಬಿರುಕುಗಳಲ್ಲಿ ಬಂಗಾರವಿದೆ. ಆ ಬಂಗಾರ ಹೊತ್ತು ತಂದದ್ದು ಭೂಮಿಯಾಳದಿಂದ ಏರಿದ ಬಿಸಿದ್ರವ, ನೀರು ಮತ್ತು ಡೈಆಕ್ಸೈಡ್ ಬೆರೆತದ್ದು. ಅನಿಲ ಕಲ್ಲಿನ ಕಬ್ಬಿಣವನ್ನೂ ಮೆಗ್ನೀಸಿಯಮ್ಮನ್ನೂ ಕ್ಯಾಲ್ಸಿಯಮ್ಮನ್ನೂ ಹಿಡಿದು ಆಂಕೆರೈಟ್ ಎಂಬ ಖನಿಜವಾಯಿತು. ಬಂಗಾರ ಪಕ್ಕದಲ್ಲೇ ಉಳಿಯಿತು. ಆಂಕೆರೈಟ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಖಂಡದಲ್ಲಿ ಅದು ಮತ್ತೆ ನಮ್ಮೆದುರು ಬರುತ್ತದೆ.

ಹರಳು ಕಲ್ಲನ್ನು ಸೀಳಿದಾಗ

ಹೊಳಲ್ಕೆರೆ ಸೀಮೆಯ ಗಟ್ಟಿಹೊಸಹಳ್ಳಿಯ ಕಲ್ಲುಗಳು ಇನ್ನೂ ಹಿರಿಯರು, 300 ಕೋಟಿ ವರ್ಷಕ್ಕೂ ಹಳೆಯವು. ಕ್ರೋಮಿಯಂ ಅಭ್ರಕದಿಂದ ಪಚ್ಚೆ ಹಸಿರಾದ ಬೆಣಚುಕಲ್ಲು, ಬೇರೈಟ್ ಪದರಗಳು, ಮತ್ತು ಕೊಮಾಟಿಯೈಟ್! ಇಂದಿನ ಯಾವ ಜ್ವಾಲಾಮುಖಿಯೂ ಉಗುಳಲಾರದಷ್ಟು ಬಿಸಿಯಾದ, ಮೆಗ್ನೀಸಿಯಂ ತುಂಬಿತುಳುಕುವ ಆದಿಕಾಲದ ಲಾವಾ ಅದು. ಕಾಲಾಂತರದಲ್ಲಿ ಅದರ ಬಹುಪಾಲು ಮೆತ್ತನೆಯ ಬಳಪದ ಕಲ್ಲಿನ ಜಾತಿಗೆ ತಿರುಗಿದೆ.

ಮೆಗ್ನೀಸಿಯಂ ತುಂಬಿದ ಇಂಥ ಕಲ್ಲಿನಲ್ಲಿ ಮುಖ್ಯ ಖನಿಜ ಒಲಿವೀನ್. ಡೈಆಕ್ಸೈಡಿಗೂ ಒಲಿವೀನಿಗೂ ಇರುವ ಸೆಳೆತ ಬಲು ಗಾಢ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕಂಡ ಸಂಗತಿಯನ್ನು ಓದಿದಾಗ ಉಸಿರು ನಿಂತಂತಾಯಿತು. ಒತ್ತಡದಲ್ಲಿ ದ್ರವದಂತಾದ ಡೈಆಕ್ಸೈಡಿನ ನಡುವೆ ಒಲಿವೀನ್ ಕಣದ ಮೈಮೇಲೆ ಕೆಲವೇ ಅಣುಗಳ ದಪ್ಪದ ನೀರಿನ ಪೊರೆ ಇದ್ದರೆ ಸಾಕು, ಕಾರ್ಬೊನೇಟ್ ಹುಟ್ಟತೊಡಗುತ್ತದೆ! ಆ ಪೊರೆಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಕಲ್ಲು ಕರಗುವುದು, ಹರಳು ಕಟ್ಟುವುದು ಎರಡೂ ಆ ಪೊರೆಯೊಳಗೇ ನಡೆದುಹೋಗುತ್ತವೆ.

ಇಲ್ಲೇ ರಂಧ್ರದ ನಿಜವಾದ ನಾಟಕ. ಹರಳು ಬೆಳೆದರೆ ರಂಧ್ರದ ಬಾಯಿ ಮುಚ್ಚುತ್ತದೆ, ನೀರು ಮುಂದೆ ಹೋಗಲಾರದು, ಒಳಗಿನ ಹೊಸ ಕಲ್ಲು ಮುಟ್ಟದೇ ಉಳಿಯುತ್ತದೆ. ಕೆಲಸ ತನ್ನನ್ನು ತಾನೇ ಕಟ್ಟಿಹಾಕಿಕೊಂಡಂತೆ. ಆದರೆ ಕೆಲವು ಕಲ್ಲುಗಳಲ್ಲಿ ಇದಕ್ಕೆ ಪೂರಾ ಉಲ್ಟಾ ನಡೆಯುತ್ತದೆ. ಹೊಸ ಖನಿಜಕ್ಕೆ ಹಳೆಯದಕ್ಕಿಂತ ಹೆಚ್ಚು ಜಾಗ ಬೇಕು. ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತುತ್ತದೆ, ಒತ್ತುತ್ತಲೇ ಹೋಗಿ ಕಲ್ಲನ್ನೇ ಸೀಳುತ್ತದೆ. ಸೀಳಿದಲ್ಲಿ ಹೊಸ ಮೈ, ಹೊಸ ಮೈಗೆ ಹೊಸ ನೀರು, ಹೊಸ ನೀರಿಗೆ ಹೊಸ ಹರಳು! ಒಮಾನ್ ದೇಶದ ಬೆಟ್ಟಗಳಲ್ಲಿ ಕಪ್ಪು ಕಲ್ಲಿನ ತುಂಬ ಬಿಳಿ ಕಾರ್ಬೊನೇಟ್ ಗೆರೆಗಳು ಬಲೆ ನೇಯ್ದಿವೆ. ಪೀಟರ್ ಕೆಲೆಮೆನ್ ಮತ್ತು ಯೂರ್ಗ್ ಮ್ಯಾಟರ್ 2008ರಲ್ಲಿ ಅವುಗಳನ್ನು ಅಭ್ಯಾಸ ಮಾಡಿ, ಆ ಬೆಟ್ಟಗಳು ಯಾರೂ ಹೇಳದೆ ಕೇಳದೆ ವರ್ಷವರ್ಷವೂ ಹತ್ತಾರು ಸಾವಿರ ಟನ್ ಡೈಆಕ್ಸೈಡನ್ನು ಕಲ್ಲು ಮಾಡುತ್ತಿವೆ ಎಂದು ತೋರಿಸಿದರು.

ಸಾವಿರ ವರ್ಷದ ಕೆಲಸ ಎರಡು ವರ್ಷದಲ್ಲಿ

ಪ್ರಕೃತಿ ನಿಧಾನವಾಗಿ ಮಾಡುವುದನ್ನು ಮನುಷ್ಯ ಬೇಗ ಮಾಡಬಲ್ಲನೆ? ಐಸ್‌ಲ್ಯಾಂಡಿನ ಹೆಲ್ಲಿಶೇಯ್ದಿ ಭೂಶಾಖ ವಿದ್ಯುತ್ ಸ್ಥಾವರದ ಬಳಿ ಕಾರ್ಬ್‌ಫಿಕ್ಸ್ ತಂಡ 2012ರಲ್ಲಿ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ ಇಳಿಸಿತು. ಕಲ್ಲಾಗಲು ನೂರಾರು, ಸಾವಿರಾರು ವರ್ಷ ಬೇಕೆಂಬುದು ಅಂದಿನ ಸಾಮಾನ್ಯ ನಂಬಿಕೆ. ಎರಡು ವರ್ಷ ತುಂಬುವುದರೊಳಗೆ ಶೇ. 95ಕ್ಕಿಂತ ಹೆಚ್ಚು ಕಲ್ಲಾಗಿತ್ತು! ಕಾವಲು ಬಾವಿಯಿಂದ ನೀರೆತ್ತುತ್ತಿದ್ದ ಪಂಪು ಕೆಟ್ಟು ನಿಂತಾಗ ಮೇಲೆತ್ತಿ ನೋಡಿದರೆ, ಅದರ ಮೈತುಂಬ ಕ್ಯಾಲ್ಸೈಟ್ ಹರಳು ಕಟ್ಟಿತ್ತು. 2016ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತು ಬೆರಗಾಯಿತು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲುಲಾದಲ್ಲಿ 2013ರಲ್ಲಿ ಸುಮಾರು ಸಾವಿರ ಟನ್ ಡೈಆಕ್ಸೈಡನ್ನು 800 ಮೀಟರಿಗೂ ಆಳದ ಬಸಾಲ್ಟಿಗೆ ಸೇರಿಸಿದರು. ಎರಡು ವರ್ಷ ಬಿಟ್ಟು ಕಲ್ಲು ಕೊರೆದು ಮೇಲೆತ್ತಿದರು. ಲಾವಾದ ಗುಳ್ಳೆಕುಳಿಗಳೊಳಗೆ ಪುಟ್ಟ ಪುಟ್ಟ ಉಂಡೆಗಳು ಕೂತಿದ್ದವು. ಯಾವ ಖನಿಜ ಗೊತ್ತೆ? ಆಂಕೆರೈಟ್! ಜಿ.ಆರ್. ಹಳ್ಳಿಯ ಬಂಗಾರದ ಬಿರುಕುಗಳಲ್ಲಿ ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಕೂತಿದ್ದ ಅದೇ ಖನಿಜ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ನಮ್ಮ ಕಾಲದ ಎರಡೇ ವರ್ಷದಲ್ಲಿ ಹುಟ್ಟಿತ್ತು.

ಹಾಗೆಂದು ಮರಡಿಹಳ್ಳಿಯನ್ನು ಕೊರೆದು ಹೊಗೆ ತುಂಬೋಣವೇ? ಬೇಡ. ಅಲ್ಲಿನ ಕಲ್ಲು ಕಾಲದ ಒತ್ತಡದಲ್ಲಿ ರೂಪಾಂತರಗೊಂಡು ಬಿಗಿಯಾಗಿದೆ, ಅದರೊಳಗೆ ಜಾಗವಿಲ್ಲ. ಚಿತ್ರದುರ್ಗದ ಹಸಿರುಕಲ್ಲು ಮುಗಿದ ಕೆಲಸದ ಮಾದರಿ. ಹೊಸ ಕೆಲಸಕ್ಕೆ ಜಾಗ ಬೇಕಾದರೆ ನಮ್ಮದೇ ನಾಡಿನ ಉತ್ತರಕ್ಕೆ ನೋಡಬೇಕು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳಿಗೆ ಹಬ್ಬಿದ ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ ಎಳೆಯ ಕಲ್ಲು. ಒಟ್ಟು ಹರವು 5 ಲಕ್ಷ ಚದರ ಕಿಲೋಮೀಟರ್. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಗುಣವನ್ನು ಪರೀಕ್ಷಿಸಿದ್ದಾರೆ. ಅಲ್ಲಿಯೂ ನೀರಿನ ಪ್ರಶ್ನೆ ದೊಡ್ಡದು. ಐಸ್‌ಲ್ಯಾಂಡಿನ ಕ್ರಮದಲ್ಲಿ ಒಂದು ಟನ್ ಅನಿಲ ಕರಗಿಸಲು ಇಪ್ಪತ್ತೈದು ಟನ್ನಿನಷ್ಟು ನೀರು ಬೇಕು. ಕುಡಿಯುವ ನೀರಿಗೆ ಕಾಯುವ ಊರುಗಳಲ್ಲಿ ಆ ಲೆಕ್ಕವನ್ನು ಮೊದಲು ಬರೆಯಬೇಕು. ಜಗತ್ತು ವರ್ಷಕ್ಕೆ ಉರಿಸಿ ಬಿಡುವ ಡೈಆಕ್ಸೈಡ್ 3,700 ಕೋಟಿ ಟನ್ನಿಗೂ ಹೆಚ್ಚು. ಯಾವ ಕಲ್ಲೂ ನಮ್ಮ ಪರವಾಗಿ ಅಷ್ಟನ್ನೂ ನುಂಗಿಕೊಳ್ಳಲಾರದು. ಉರಿಸುವುದನ್ನು ಕಡಿಮೆ ಮಾಡುವುದು ನಮ್ಮ ಪಾಲಿನ ಕೆಲಸ. ಉಳಿದದ್ದಕ್ಕೆ ಕಲ್ಲು ಜೊತೆಗಾರ.

ಗಾರೆಯೊಳಗೆ ಹರಳು

ಅಷ್ಟು ಆಳಕ್ಕೆ ಹೋಗದೆಯೂ ಈ ವಿದ್ಯೆ ನಮ್ಮ ಗೋಡೆಗೆ ಬರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದಲ್ಲಿ ಸೌರದೀಪ್ ಗುಪ್ತ ಅವರ ತಂಡ ಮಾಡಿದ ಕೆಲಸವನ್ನು ಸಂಸ್ಥೆ ಪ್ರಕಟಿಸಿದೆ. ಕಟ್ಟಡದ ಅಗೆತದಲ್ಲಿ ಬಂದ ಮಣ್ಣಿಗೆ ಡೈಆಕ್ಸೈಡ್ ಹಾಯಿಸಿ, ಗಾರೆಯಲ್ಲಿ ಮರಳಿನ ಒಂದು ಪಾಲಿಗೆ ಬದಲಾಗಿ ಬಳಸಿದರು. ಮಣ್ಣಿನ ರಂಧ್ರಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಹುಟ್ಟಿ, ಸಂದು ತುಂಬಿ, ಒತ್ತಡ ತಾಳುವ ಶಕ್ತಿ ಏರಿತು. ಹಿರಿಯೂರಿನ ಎರೆಹೊಲ ಸಾವಿರ ಸಾವಿರ ಮುಂಗಾರುಗಳಲ್ಲಿ ಮಾಡಿದ್ದನ್ನು ಪ್ರಯೋಗಾಲಯ ಕೆಲವೇ ದಿನಗಳಿಗೆ ಇಳಿಸಿತು! ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಗಾಲ ಹಿಡಿದು ಬಳಸುವ ವಿದ್ಯೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಗಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ. ಸಾವಿರಾರು ಶಾಲಾ ಕಾಲೇಜು ಶಿಕ್ಷಕರು ಅಲ್ಲಿ ವಿಜ್ಞಾನದ ತರಬೇತಿ ಪಡೆದು ಊರಿಗೆ ಮರಳಿದ್ದಾರೆ. ಅವರ ಮುಂದೆ ನನ್ನದೊಂದು ಬೇಡಿಕೆಯಿದೆ. ಈ ನಾಲ್ಕು ತಾಲ್ಲೂಕುಗಳ ಪ್ರತಿ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನಾಲ್ಕು ಕಲ್ಲುಗಳಿರಲಿ: ಹಿರಿಯೂರಿನ ಸುಣ್ಣಕಲ್ಲು, ಹೊಸದುರ್ಗದ ಸುಣ್ಣಶಿಲೆ, ಹೊಳಲ್ಕೆರೆಯ ಬಳಪದ ಕಲ್ಲು, ಚಿತ್ರದುರ್ಗದ ಹಸಿರುಕಲ್ಲು. ಸ್ಮಾರಕದ ಬಂಡೆಯನ್ನು ಮುಟ್ಟದೆ, ದಾರಿಬದಿಯ ಚೂರುಗಳಿಂದಲೇ ಇವನ್ನು ಸಂಗ್ರಹಿಸಬಹುದು. ಹುಳಿ ಹಾಕಿದರೆ ಯಾವುದು ನೊರೆಯುತ್ತದೆ, ಯಾವುದು ಇಲ್ಲ, ಯಾಕೆ ಎಂದು ಮಕ್ಕಳೇ ಕಂಡುಕೊಳ್ಳಲಿ. ಹವಾಮಾನದ ಪಾಠವನ್ನು ಬರೀ ಭಯದಿಂದ ಕಲಿಯಬೇಕಾದ ಗತಿ ಈ ಜಿಲ್ಲೆಯ ಮಕ್ಕಳಿಗೆ ಬೇಡ. ಪರಿಹಾರದ ಅರ್ಧ ಪುಸ್ತಕ ಅವರ ಹೊಲದಲ್ಲೇ ಇದೆ. ಉಳಿದರ್ಧ ಬರೆಯುವ ರಸಾಯನಶಾಸ್ತ್ರಜ್ಞೆ, ಭೂವಿಜ್ಞಾನಿ, ಎಂಜಿನಿಯರ್ ಈ ಸೀಮೆಯ ಶಾಲೆಯಿಂದಲೇ ಬರಬೇಕು, ಬರುತ್ತಾರೆ ಎಂದು ನಾನು ಮನಸಾರೆ ನಂಬಿದ್ದೇನೆ.